ಅಲಾಯ್ ವೀಲ್‌ಗೆ ಗೀರಿಗಿಂತ ಬೆಂಕಿಯೇ ದೊಡ್ಡ ಶತ್ರು

ರಸ್ತೆಯಂಚಿನ ಕಲ್ಲಿಗೆ ಅಲಾಯ್ ವೀಲ್ ಉಜ್ಜಿ ಗೀರು ಬಿದ್ದರೆ ಕಾರಿನವರಿಗೆ ಹೊಟ್ಟೆ ಉರಿಯುತ್ತದೆ. ಅದೇ ವೀಲ್ ಹೊಂಡಕ್ಕೆ ಬಡಿದು ಒಳಗಿನ ಅಂಚು ಬೆಂಡಾದರೆ, ‘ಬಿಸಿ ಮಾಡಿ ನಾಲ್ಕೇಟು ಹಾಕಿದರೆ ಸರಿ ಹೋಗುತ್ತೆ ಬಿಡಿ’ ಅನ್ನುತ್ತಾರೆ. ಇದು ಪೂರ್ತಿ ಉಲ್ಟಾ. ಗೀರು ಹೆಚ್ಚಿನ ಸಲ ಅಂದಕ್ಕೆ ಸಂಬಂಧಿಸಿದ್ದು. ಬೆಂಕಿ ಹಿಡಿದು ನೆಟ್ಟಗೆ ಮಾಡುವುದು ವೀಲ್‌ನ ಬಲಕ್ಕೇ ಕೈಹಾಕುವ ಕೆಲಸ.

ಈ ತಪ್ಪು ಕಲ್ಪನೆ ಉಕ್ಕಿನ ಚಕ್ರಗಳ ಕಾಲದ್ದು. ಉಕ್ಕು ಬಗ್ಗಿದರೆ ಬಡಿದು ಸರಿಮಾಡಬಹುದಿತ್ತು. ಅಲಾಯ್ ವೀಲ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಅದರ ಸ್ವಭಾವ ಬೇರೆ.

ಶುದ್ಧ ಅಲ್ಯೂಮಿನಿಯಂ ಮೆತ್ತಗಿನ ಲೋಹ. ಅದೊಂದರಿಂದಲೇ ಕಾರಿನ ಭಾರ ಹೊರುವ ಚಕ್ರ ಮಾಡಲು ಆಗುವುದಿಲ್ಲ. ಹಾಗಾಗಿ ಶೇ. 7ರಷ್ಟು ಸಿಲಿಕಾನ್, ಶೇ. 0.3ರ ಆಸುಪಾಸು ಮೆಗ್ನೀಶಿಯಂ ಸೇರಿಸುತ್ತಾರೆ. ಎರಕದ ವೀಲ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಈ ಮಿಶ್ರಲೋಹಕ್ಕೆ ಎ356 ಎಂದು ಹೆಸರು. ಸಿಲಿಕಾನ್ ಇದ್ದರೆ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ. ಬಲದ ಗುಟ್ಟು ಇರುವುದು ಆ ಚಿಟಿಕೆ ಮೆಗ್ನೀಶಿಯಂನಲ್ಲಿ.

ಎರಕ ಹೊಯ್ದ ವೀಲನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಡುತ್ತಾರೆ. ಮೆಗ್ನೀಶಿಯಂ ಅಲ್ಯೂಮಿನಿಯಂ ಒಳಗೆ ಕರಗಿ ಬೆರೆಯುತ್ತದೆ. ಆಗ ಥಟ್ಟನೆ ನೀರಿಗೆ ಅದ್ದುತ್ತಾರೆ. ನಿಧಾನ ತಣಿದಿದ್ದರೆ ಮೆಗ್ನೀಶಿಯಂ ಬೇರೆಯಾಗಿ ನಿಲ್ಲುತ್ತಿತ್ತು. ಈಗ ಅದಕ್ಕೆ ಪುರುಸೊತ್ತೇ ಸಿಗದೆ ಒಳಗೇ ಸಿಕ್ಕಿಬೀಳುತ್ತದೆ. ಆಮೇಲೆ ಸುಮಾರು 155 ಡಿಗ್ರಿಯಲ್ಲಿ ಇನ್ನಷ್ಟು ಗಂಟೆ ಹದ ಮಾಡುತ್ತಾರೆ. ಮೆಗ್ನೀಶಿಯಂ ಮತ್ತು ಸಿಲಿಕಾನ್ ಪರಮಾಣುಗಳು ಅಲ್ಲಲ್ಲಿ ಗುಂಪುಗೂಡಿ ಕಣಗಳಾಗುತ್ತವೆ. ಒಂದೊಂದು ಕಣವೂ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು. ಅಷ್ಟರಿಂದಲೇ ಲೋಹದ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ!

ಹೇಗೆ? ದೊಡ್ಡ ಜಮಖಾನೆಯನ್ನು ಸ್ವಲ್ಪ ಆಚೆ ಸರಿಸಬೇಕು ಅಂದುಕೊಳ್ಳಿ. ಇಡೀ ಜಮಖಾನೆ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ, ಆ ಸುಕ್ಕನ್ನು ಇನ್ನೊಂದು ತುದಿಗೆ ತಳ್ಳಿದರೆ ಸುಲಭ. ಲೋಹ ಬಗ್ಗುವುದೂ ಹೀಗೆಯೇ. ಪರಮಾಣುಗಳ ಸಾಲುಗಳ ನಡುವೆ ಇಂಥ ಸುಕ್ಕುಗಳು ಹರಿದಾಡುತ್ತವೆ. ಈಗ ಜಮಖಾನೆಯ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಹರಡಿ ಕೂತರೆ? ಸುಕ್ಕು ನಾಲ್ಕು ಗೇಣು ಹೋಗುವಷ್ಟರಲ್ಲಿ ಯಾರಿಗಾದರೂ ತಾಗಿ ನಿಲ್ಲುತ್ತದೆ. ನಮ್ಮ ಮೆಗ್ನೀಶಿಯಂ ಕಣಗಳು ಮಾಡುವುದು ಇದೇ ಕೆಲಸ. ಅವು ಎಷ್ಟಿವೆ ಅನ್ನುವುದಕ್ಕಿಂತ ಹೇಗೆ ಹರಡಿವೆ ಅನ್ನುವುದು ಮುಖ್ಯ. ಅಷ್ಟೇ ಜನ ಎದ್ದು ಒಂದೆರಡು ಮೂಲೆಯಲ್ಲಿ ಗುಂಪಾಗಿ ಕೂತರೆ, ನಡುವಿನ ಖಾಲಿ ಜಾಗದಲ್ಲಿ ಸುಕ್ಕು ಆರಾಮಾಗಿ ದಾಟಿಹೋಗುತ್ತದೆ. ಅತಿಯಾಗಿ ಬಿಸಿಯಾದ ವೀಲ್‌ನಲ್ಲಿ ಆಗುವುದು ಅದೇ. ಸಣ್ಣ ಕಣಗಳು ಕರಗಿ ದೊಡ್ಡವಕ್ಕೆ ಸೇರುತ್ತವೆ. ದೊಡ್ಡವು ಕೆಲವೇ ಉಳಿಯುತ್ತವೆ. ತೂಕ ಅಷ್ಟೇ, ಹೊಳಪು ಅಷ್ಟೇ, ಬಲ ಮಾತ್ರ ಇಳಿದಿರುತ್ತದೆ.

ಈ ವಿದ್ಯೆ ಸಿಕ್ಕಿದ್ದು ಆಕಸ್ಮಿಕವಾಗಿ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ, ಮೆಗ್ನೀಶಿಯಂ ಬೆರೆತ ಅಲ್ಯೂಮಿನಿಯಂ ಮೇಲೆ ಪ್ರಯೋಗ ಮಾಡುತ್ತಿದ್ದರು. ಉಕ್ಕಿನಂತೆ ಇದನ್ನೂ ಕಾಯಿಸಿ ಅದ್ದಿದರೆ ಗಟ್ಟಿಯಾಗಬಹುದು ಎಂಬ ಆಸೆ. ವಾರದ ಕೊನೆಯಲ್ಲಿ ಅಳೆದಾಗ ಅಂಥ ಬದಲಾವಣೆ ಕಾಣಲಿಲ್ಲ. ರಜೆ ಮುಗಿಸಿ ಬಂದು ಅಳೆದರೆ ಅದೇ ತುಂಡು ಗಟ್ಟಿಯಾಗಿತ್ತು. ಸುಮ್ನೆ ಇಟ್ಟಿದ್ದಕ್ಕೇ! ಡ್ಯುರಾಲ್ಯುಮಿನ್ ಎಂಬ ಮಿಶ್ರಲೋಹ ಹುಟ್ಟಿದ್ದು ಹೀಗೆ. ಅನಿಲ ತುಂಬಿ ಹಾರಿಸುವ ಆಕಾಶನೌಕೆಗಳ (ಏರ್‌ಶಿಪ್) ಹಂದರಕ್ಕೆ ಅದನ್ನೇ ಬಳಸಿದರು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏನೂ ಬದಲಾದಂತೆ ಕಾಣುತ್ತಿರಲಿಲ್ಲ. ಕಣಗಳು ಅಷ್ಟು ಸಣ್ಣವು. 1938ರಲ್ಲಿ ಫ್ರಾನ್ಸಿನ ಗಿನಿಯೇ, ಬ್ರಿಟನ್ನಿನ ಪ್ರೆಸ್ಟನ್ ಬೇರೆಬೇರೆಯಾಗಿ ಎಕ್ಸ್‌ರೇ ಹಾಯಿಸಿ ಆ ಪರಮಾಣು ಗುಂಪುಗಳ ಸುಳಿವು ಹಿಡಿದರು.

ಗ್ಯಾಸ್ ಟಾರ್ಚ್ ಹಿಡಿದು ರಿಮ್ ನೆಟ್ಟಗೆ ಮಾಡುವವರನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ವೀಲ್‌ನ ಎ356 ಮಿಶ್ರಲೋಹ ಸುಮಾರು 555 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಅಲ್ಲಿಯವರೆಗೂ ನೋಡಲು ಬೆಳ್ಳಗೇ ಇರುತ್ತದೆ. ಟಾರ್ಚ್ ಹಿಡಿದವರಿಗೆ 200 ದಾಟಿದ್ದೂ ಗೊತ್ತಾಗದು, 400 ದಾಟಿದ್ದೂ ಗೊತ್ತಾಗದು. ಬಿರುಕಿಗೆ ವೆಲ್ಡಿಂಗ್ ಮಾಡಿದರೂ ಇದೇ ಕಥೆ. ಬೆಸುಗೆಯ ಅಕ್ಕಪಕ್ಕದ ಲೋಹ ಹದ ಕಳೆದುಕೊಂಡು ಮೆತ್ತಗಾಗುತ್ತದೆ. ಹಾಗಂತ ತಣ್ಣಗಿರುವಾಗ ಬಡಿದರೆ? ಎರಕದ ಲೋಹ ಉಕ್ಕಿನಷ್ಟು ಬಾಗುವುದಿಲ್ಲ, ಬಿರುಕು ಬಿಡುತ್ತದೆ.

ಹಾಗಾದರೆ ಬಣ್ಣದ ಪುಡಿ ಎರಚಿ ಒಲೆಯಲ್ಲಿ ಕಾಯಿಸುವ ಪೌಡರ್ ಕೋಟಿಂಗ್? ಅದರ ಪುಡಿ ಕರಗಿ ಗಟ್ಟಿಯಾಗಲು 180ರಿಂದ 200 ಡಿಗ್ರಿ ಬೇಕು, ಆದರೆ 10-20 ನಿಮಿಷ ಸಾಕು. ಒಂದು ಸಲಕ್ಕೆ ಅಂಥ ತೊಂದರೆಯಿಲ್ಲ. ಪದೇಪದೇ ಮಾಡಿಸಿದರೆ, ಒಲೆಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಕಷ್ಟ. ಹಳೇ ಬಣ್ಣವನ್ನು ಸುಟ್ಟು ತೆಗೆಯುವ ಒಲೆಗಳು 400 ಡಿಗ್ರಿಯ ಸುತ್ತ ಉರಿಯುತ್ತವೆ. ಅಲಾಯ್ ವೀಲನ್ನು ಅದರೊಳಗೆ ಇಡಲೇಬಾರದು. ಹಳೇ ಬಣ್ಣ ಹೇಗೆ ತೆಗೆಯುತ್ತೀರಿ ಎಂದು ಮೊದಲೇ ಕೇಳಿಬಿಡಿ.

ಬಲ ಸ್ವಲ್ಪ ಇಳಿದರೆ ಏನಾಯಿತು, ಕಾರು ಓಡುತ್ತಲ್ವಾ ಅನ್ನಬಹುದು. ಟೈರಿನ ಸುತ್ತಳತೆ ಸುಮಾರು 2 ಮೀಟರ್. ಅಂದರೆ ಕಿಲೋಮೀಟರಿಗೆ 500 ಸುತ್ತು, 50,000 ಕಿಲೋಮೀಟರಿಗೆ ಎರಡೂವರೆ ಕೋಟಿ ಸುತ್ತು. ಪ್ರತಿ ಸುತ್ತಿಗೂ ವೀಲ್‌ನ ನಡುವಿನಿಂದ ಅಂಚಿಗೆ ಚಾಚಿದ ಒಂದೊಂದು ಕಡ್ಡಿಯೂ (ಸ್ಪೋಕ್) ಒತ್ತಿಸಿಕೊಂಡು ಬಿಡಿಸಿಕೊಳ್ಳುತ್ತದೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೈ ಬಳಿ ರೈಲು ಎಂಜಿನ್ನಿನ ಚಕ್ರದ ಅಚ್ಚು (ಆಕ್ಸಲ್) ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಅಲುಗಾಡಿ ಅಲುಗಾಡಿ ಕಬ್ಬಿಣದ ಗುಣವೇ ಬದಲಾಗಿ ಹರಳುಗಟ್ಟುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೂಲರ್ ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ ನೋಡಿದರು. ಒಂದೇ ಏಟಿಗೆ ಮುರಿಯದ ಲೋಹ, ಅದಕ್ಕಿಂತ ಎಷ್ಟೋ ಸಣ್ಣ ಒತ್ತಡ ಲಕ್ಷಾಂತರ ಸಲ ಬಿದ್ದರೆ ಮುರಿಯುತ್ತದೆ ಎಂದು ತೋರಿಸಿಕೊಟ್ಟರು. ಉಕ್ಕಿಗೆ ಒಂದು ಮಿತಿ ಇದೆ. ಒತ್ತಡ ಅದರ ಕೆಳಗಿದ್ದರೆ ಎಷ್ಟು ತಿರುಗಿದರೂ ತಡೆಯುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಅದಕ್ಕೇ ಬಿರುಕಿದ್ದ ವೀಲ್ ಇನ್ನೂ ಸ್ವಲ್ಪ ದಿನ ಬರಲಿ ಎನ್ನುವ ಮಾತೇ ಬೇಡ.

ಗೀರಿಗೆ ಬರೋಣ. ಹೊರ ಅಂಚಿನಲ್ಲಿ ಮೇಲುಮೇಲೆ ಉಜ್ಜಿದ್ದರೆ ಮರಳು ಕಾಗದದಿಂದ ತಿಕ್ಕಿ, ಫಿಲ್ಲರ್ ತುಂಬಿ, ಬಣ್ಣ, ಅದರ ಮೇಲೆ ಲ್ಯಾಕರ್ (ಪಾರದರ್ಶಕ ಲೇಪ) ಹೊಡೆದರೆ ಮುಗಿಯಿತು. ಫಿಲ್ಲರ್ ಬಲ ಕೊಡುವುದಿಲ್ಲ, ಜಾಗ ತುಂಬುತ್ತದೆ ಅಷ್ಟೇ. ಡೈಮಂಡ್ ಕಟ್ ವೀಲ್ ಆದರೆ ಯೋಚಿಸಬೇಕು. ಅದರ ಹೊಳಪು ಬಣ್ಣದ್ದಲ್ಲ, ಲೇಥ್‌ನಲ್ಲಿ ಕೆತ್ತಿದ ಬರೀ ಲೋಹದ್ದು. ಮತ್ತೆ ಹೊಳಪು ಬೇಕೆಂದರೆ ಲೋಹವನ್ನೇ ಕೆತ್ತಬೇಕು, ಪ್ರತಿ ಸಲ ಒಂದಿಷ್ಟು ತೆಳುವಾಗುತ್ತದೆ. ಒಂದೆರಡು ಸಲಕ್ಕಿಂತ ಹೆಚ್ಚು ಆಗದು. ಲ್ಯಾಕರ್ ಎದ್ದ ಕಡೆ ನೀರು, ಉಪ್ಪು ನುಗ್ಗಿದರೆ ಅದರಡಿಯಲ್ಲಿ ಬಿಳಿ ಎಳೆಗಳು ಹುಳು ಹರಿದಂತೆ ಹಬ್ಬುತ್ತವೆ. ಅದು ತುಕ್ಕಿನ ದಾರಿ. ಅದರ ಮೇಲೆಯೇ ಬಣ್ಣ ಬಳಿದರೆ ಒಳಗೊಳಗೇ ಮುಂದುವರಿಯುತ್ತದೆ.

ಗೀರೋ ಬಿರುಕೋ ಅನುಮಾನ ಬಂದರೆ ಡೈ ಪೆನಿಟ್ರಂಟ್ ಪರೀಕ್ಷೆ ಮಾಡಿಸಿ. ಕೆಂಪು ದ್ರವ ಹಚ್ಚಿ, ಇಂಗಲು ಬಿಟ್ಟು, ಒರೆಸಿ, ಬಿಳಿ ಪುಡಿ ಎರಚುತ್ತಾರೆ. ಬರೀ ಗೀರಾದರೆ ದ್ರವವೆಲ್ಲ ಒರೆಸಿಹೋಗುತ್ತದೆ. ಬಿರುಕಾದರೆ ಒಳಗೆ ಇಳಿದ ಕೆಂಪು ನಿಧಾನವಾಗಿ ಮೇಲೆ ಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಹಿಂದೆ ರೈಲ್ವೆ ವರ್ಕ್‌ಶಾಪಿನವರು ಎಣ್ಣೆ, ಸೀಮೆಸುಣ್ಣದ ಪುಡಿಯಿಂದಲೇ ಅಚ್ಚುಗಳ ಬಿರುಕು ಹಿಡಿಯುತ್ತಿದ್ದರು. ಬಣ್ಣ ಹೊಡೆಯುವ ಮೊದಲೇ ಇದು ಆಗಬೇಕು, ಹೊಡೆದ ಮೇಲೆ ಬಿರುಕು ಮುಚ್ಚಿಹೋಗುತ್ತದೆ.

ಬಿರುಕು ಕಂಡರೆ, ಕಡ್ಡಿಯ ಬುಡದಲ್ಲಿ ಆಳವಾಗಿ ಕಚ್ಚಿದ್ದರೆ, ಅಂಚು ಬೆಂಡಾಗಿದ್ದರೆ ವೀಲ್ ಬದಲಿಸಿ. ಹೊಸದು ನೋಡಲು ಒಂದೇ ಥರ ಇದ್ದರೆ ಸಾಲದು. ಹಳೆಯದರ ಮೇಲೆ 6.5ಜೆ, 16, ಇಟಿ45 ಎಂಬಂಥ ಗುರುತು ಇರುತ್ತದೆ. ಅಗಲ, ವ್ಯಾಸ, ಆಫ್‌ಸೆಟ್ (ಹಬ್‌ಗೆ ತಾಗುವ ಮುಖ ವೀಲ್‌ನ ನಡುಗೆರೆಯಿಂದ ಎಷ್ಟು ದೂರ ಎಂಬುದು) ಹೇಳುವ ಗುರುತು ಅದು. ಬೋಲ್ಟ್‌ಗಳ ಅಂತರ, ನಡುವಿನ ತೂತಿನ ಅಳತೆ, ಹೊರಬಲ್ಲ ಭಾರವೂ ಹೊಂದಬೇಕು. ರಿಪೇರಿಯಾದದ್ದೇ ಇರಲಿ, ಹೊಸದೇ ಇರಲಿ, ನಟ್ ಕೂರುವ ಗುಳಿಯಲ್ಲೂ ಹಬ್‌ಗೆ ತಾಗುವ ಮುಖದಲ್ಲೂ ದಪ್ಪ ಬಣ್ಣ ಇರಬಾರದು. ಆ ಬಣ್ಣ ಒತ್ತಡಕ್ಕೆ ತೆಳುವಾದರೆ ನಟ್‌ನ ಬಿಗಿ ಸಡಿಲವಾಗುತ್ತದೆ. ಹಾಕಿಸಿಕೊಂಡು 50-100 ಕಿಲೋಮೀಟರ್ ಓಡಿಸಿದ ಮೇಲೆ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ಬಿಗಿ ನೋಡಿಸಿಕೊಳ್ಳಿ.