ಸೇಂಟ್ ಲೂಯಿಸ್ ಬ್ಲೂಸ್: ಒಂದು ಗಿಟಾರ್, ಒಂದು ಕಂಠ

ಅಮೆರಿಕದ ಸಂಗೀತ ರಚನಕಾರ ಡಬ್ಲ್ಯು. ಸಿ. ಹ್ಯಾಂಡಿ 1914ರಲ್ಲಿ ಪ್ರಕಟಿಸಿದ ಈ ಹಾಡನ್ನು ಗಿಟಾರ್ ಮತ್ತು ಕಂಠಕ್ಕೆ ಹೊಂದಿಸಿಕೊಳ್ಳುವವರು ಮೊದಲು ಅರಿಯಬೇಕಾದದ್ದು, ಇದು ಆದ್ಯಂತ 12 ಬಾರ್‌ಗಳ (ಲಯದ ಸುತ್ತುಗಳ) ಬ್ಲೂಸ್ ಅಲ್ಲ ಎಂಬುದನ್ನು. 12 ಬಾರ್‌ಗಳ ಎರಡು ಚರಣಗಳಾದ ಮೇಲೆ 16 ಬಾರ್‌ಗಳ ಮೈನರ್ ಭಾಗವೊಂದು, ಟ್ಯಾಂಗೋದಲ್ಲೂ ಕೇಳಿಬರುವ ಕ್ಯೂಬಾದ ಹಬನೇರಾ ಲಯದಲ್ಲಿ ಬರುತ್ತದೆ; ಅನಂತರ ಹಾಡು ಬ್ಲೂಸ್‌ಗೆ ಮರಳುತ್ತದೆ. ಆಗ ಅಮೆರಿಕದಲ್ಲಿ ಟ್ಯಾಂಗೋ ನೃತ್ಯದ ಹುಚ್ಚು ಹಬ್ಬಿದ್ದರಿಂದ, ಕುಣಿಯಲು ಬಂದವರನ್ನು ಟ್ಯಾಂಗೋ ನಡೆಯಿಂದ ಸೆಳೆದು ಥಟ್ಟನೆ ಬ್ಲೂಸ್‌ಗೆ ತಿರುಗಿಸುವುದು ಹ್ಯಾಂಡಿ ಹೂಡಿದ ಉಪಾಯವಾಗಿತ್ತು.

ಮುದ್ರಿತ ಸ್ವರಲಿಪಿ ಜಿ ಶ್ರುತಿಯಲ್ಲಿದ್ದರೂ ಗಿಟಾರಿಗೆ ಎ ಶ್ರುತಿಯೇ ಅನುಕೂಲ. ಎ7, ಡಿ7, ಇ7 ಕಾರ್ಡ್‌ಗಳ ಮೂಲಸ್ವರಗಳು ಕ್ರಮವಾಗಿ 5, 4 ಮತ್ತು 6ನೆಯ ತಂತಿಗಳಲ್ಲಿ, ಫ್ರೆಟ್ ಒತ್ತದೆಯೇ ಸಿಗುತ್ತವೆ. ಕಂಠಕ್ಕೆ ಶ್ರುತಿ ಏರಬೇಕಾದರೆ ಕೇಪೋ (ತಂತಿಗಳನ್ನೆಲ್ಲ ಒಂದು ಫ್ರೆಟ್‌ನಲ್ಲಿ ಒತ್ತಿಹಿಡಿಯುವ ಪಟ್ಟಿ) ಹಾಕಬಹುದು. ಬ್ಲೂಸ್ ಭಾಗದ ಕಾರ್ಡ್‌ಗಳು ಪರಿಚಿತವೇ. ಎರಡನೆಯ ಬಾರ್‌ನಲ್ಲಿಯೇ ಡಿ7 ಬರುತ್ತದೆಂಬುದನ್ನು ಗುರುತು ಹಾಕಿಕೊಂಡರೆ ಸಾಕು.

ನನ್ನನ್ನು ಬಹಳ ಕಾಡಿದ್ದು ಮೈನರ್ ಭಾಗ. ಕಾರ್ಡ್‌ಗಳು ಬಹುಮಟ್ಟಿಗೆ ಎ ಮೈನರ್ ಮತ್ತು ಇ7 ಮಾತ್ರ; ತೊಡಕಿರುವುದೆಲ್ಲ ಹೆಬ್ಬೆರಳಿನಲ್ಲಿ. ಒಂದು ಬಾರನ್ನು 8 ಅಕ್ಷರಗಳಾಗಿ ಎಣಿಸಿದರೆ, ಬ್ಲೂಸ್ ಭಾಗದಲ್ಲಿ ಹೆಬ್ಬೆರಳು 1, 3, 5, 7ರ ಮೇಲೆ ಮೀಟುತ್ತದೆ. ಹಬನೇರಾದಲ್ಲಿ 1, 4, 5, 7ರ ಮೇಲೆ. ಅಂದರೆ ಜಾಗ ಬದಲಿಸುವುದು ಎರಡನೆಯ ಪೆಟ್ಟೊಂದೇ. ಆದರೆ ಹಾಡತೊಡಗಿದೊಡನೆ ಆ ಪೆಟ್ಟು ತನ್ನ ಹಳೆಯ ಜಾಗಕ್ಕೇ ಜಾರುತ್ತದೆ. ಆದಿತಾಳ ಬಲ್ಲವರಿಗೆ ಇದಕ್ಕೊಂದು ಸುಲಭೋಪಾಯವಿದೆ: ಲಘುವಿನ ಘಾತ 1ರಲ್ಲಿ, ಎರಡು ದ್ರುತಗಳ ಘಾತಗಳು 5 ಮತ್ತು 7ರಲ್ಲಿ ಬೀಳುವುದರಿಂದ ಮೂರು ಪೆಟ್ಟುಗಳು ತಾವಾಗಿಯೇ ಕೂಡಿಬರುತ್ತವೆ, ಉಳಿದ 4 ಬರುವುದು ಮಧ್ಯದ ಬೆರಳನ್ನು ಎಣಿಸುವಾಗ. ಗಿಟಾರನ್ನು ಬದಿಗಿಟ್ಟು, ತೊಡೆಯ ಮೇಲೆ ತಾಳ ಹಾಕುತ್ತ, ಘಾತಗಳಿಗೂ ಮಧ್ಯದ ಬೆರಳಿಗೂ ಮಾತ್ರ ಬಾಯಲ್ಲಿ "ದುಂ" ಎನ್ನಿ: ದುಂ – – ದುಂ ದುಂ – ದುಂ –. ಕ್ಯೂಬಾದ ಹಬನೇರಾಕ್ಕೂ ಆದಿತಾಳಕ್ಕೂ ನಂಟಿದೆ ಎಂದು ಇದರರ್ಥವಲ್ಲ. ಎಣಿಕೆಗೆ ಇದೊಂದು ಊರುಗೋಲು, ಅಷ್ಟೆ.

ಇಲ್ಲಿ ಅಕ್ಷರಗಳು ಸಮನಾಗಿರಬೇಕೆಂಬುದೂ ಮುಖ್ಯ. ಬ್ಲೂಸ್ ಭಾಗದಲ್ಲಿ ಶಫಲ್ ನುಡಿಸುವವರ ಕೈಗೆ ಉದ್ದ–ಗಿಡ್ಡ ನಡೆ ರೂಢಿಯಾಗಿರುತ್ತದೆ. ಅದೇ ನಡೆ ಹಬನೇರಾದೊಳಕ್ಕೆ ನುಸುಳಿದರೆ 4ರ ಪೆಟ್ಟು 5ಕ್ಕೆ ಅಂಟಿಕೊಂಡು ಲಯ ಕುಂಟುತ್ತದೆ.

ಬ್ಲೂಸ್ ಭಾಗದಲ್ಲಿ ಗಿಟಾರಿನ ಎ7 ಕಾರ್ಡ್ ಸಿ ಶಾರ್ಪ್ ನುಡಿಯುತ್ತಿರುವಾಗಲೇ ಕಂಠ ಅದಕ್ಕಿಂತ ತಗ್ಗಿದ ಸಿ ಕಡೆಗೆ ಬಾಗುತ್ತದೆ. ಈ ಘರ್ಷಣೆಯನ್ನು ತಿದ್ದಬಾರದು. ಬ್ಲೂಸ್‌ನ ರುಚಿ ಇರುವುದೇ ಅದರಲ್ಲಿ. ಮೈನರ್ ಭಾಗಕ್ಕೆ ಬಂದಾಗ ಅದೇ ಸಿ ಕಾರ್ಡಿನೊಳಗಿನ ಸ್ವರವೇ ಆಗುವುದರಿಂದ ಕಂಠಕ್ಕೆ ತುಸು ವಿಶ್ರಾಂತಿ ದೊರೆಯುತ್ತದೆ.

ಸಾಲು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಗಿಟಾರ್ ಉತ್ತರ ಕೊಡಬೇಕು. ಬೆಸ್ಸಿ ಸ್ಮಿತ್ 1925ರಲ್ಲಿ ಹಾಡಿದ ಧ್ವನಿಮುದ್ರಿಕೆಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕಾರ್ನೆಟ್ (ಟ್ರಂಪೆಟ್‌ನಂಥ ಊದುವಾದ್ಯ) ಮಾಡುವುದು ಇದನ್ನೇ. ನಮ್ಮ ಕೈಗೆ ಎರಡು ಮೂರು ಸ್ವರಗಳ ಉತ್ತರ ಧಾರಾಳ. ಅದನ್ನು ಮುಂದಿನ ಸಾಲಿಗೆ ಉಸಿರೆಳೆಯುವ ಮೊದಲೇ ಮುಗಿಸಬೇಕು.