ನೋವು ಶುರುವಾಗೋದು ಕ್ಯಾಬಲ್ಲೇ

ಹೋದ ವಾರ ಬಸವನಗುಡಿಯಿಂದ ಒಬ್ರು ಅಮ್ಮ ಕ್ಲಿನಿಕ್ಕಿಗೆ ಬಂದಿದ್ರು, ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆ ಮಧ್ಯದ ಮೆತ್ತೆ) ತೊಂದ್ರೆ, ಹಳೇ ಸೊಂಟನೋವು, ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದಾರೆ. "ಡಾಕ್ಟ್ರೇ, ನಾಲ್ಕು ಗಂಟೆ ಪ್ಲೇನಲ್ಲಿ ಕೂತ್ಕೊಳಕ್ಕಾಗತ್ತಾ ನನ್ ಕೈಲಿ?" ನಾನು ಫಿಸಿಯೋ ಅಂತ ಎಷ್ಟ್ ಸಲ ಹೇಳಿದ್ರೂ ಡಾಕ್ಟ್ರೇನೇ, ಇರ್ಲಿ.

ಎಲ್ರೂ ಪ್ಲೇನ್ ಬಗ್ಗೆನೇ ಕೇಳ್ತಾರೆ, ಆದ್ರೆ ಲೆಕ್ಕ ಹಾಕಿ ನೋಡಿ, ಬಸವನಗುಡಿಯಿಂದ ದೇವನಹಳ್ಳಿಗೆ ಟ್ರಾಫಿಕ್ ಇದ್ರೆ ಒಂದೂವರೆ ಎರಡು ಗಂಟೆ, ಆಮೇಲೆ ಇಂಟರ್‌ನ್ಯಾಷನಲ್ ಅಂತ ಮೂರು ಗಂಟೆ ಮೊದ್ಲೇ ಹೋಗಿ ಕ್ಯೂ, ಸೆಕ್ಯೂರಿಟಿ, ಗೇಟ್ ತನಕ ನಡಿಗೆ. ಪ್ಲೇನ್ ಹತ್ತೋ ಹೊತ್ತಿಗೆ ಸೊಂಟ ಆಗ್ಲೇ ಐದು ಗಂಟೆ ಡ್ಯೂಟಿ ಮಾಡಿರತ್ತೆ. ಅದಕ್ಕೇ ಹೆಬ್ಬಾಳ ದಾಟಿದ್ಮೇಲೆ ಒಂದು ಪೆಟ್ರೋಲ್ ಬಂಕಲ್ಲಿ ಗಾಡಿ ನಿಲ್ಲಿಸಿ ಎರಡು ನಿಮಿಷ ಇಳಿದು ನಿಂತ್ಕೊಳಿ, ಡ್ರೈವರ್ ಗೊಣಗ್ಲಿ ಬಿಡಿ.

ಸೀಟಿಗೆ ದುಡ್ಡು ಕೊಟ್ಟು ದಿಂಬು ತಗೋಬೇಡಿ. ಒಂದು ಕೈ ಟವಲ್ ಮುಂಗೈ ದಪ್ಪ ಬರೋ ಹಾಗೆ ಬಿಗಿಯಾಗಿ ಸುತ್ತಿ ಎರಡು ರಬ್ಬರ್ ಬ್ಯಾಂಡ್ ಹಾಕಿ, ಸೀರೆ ಉಡೋ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ, ಬೆನ್ನು ಒಳಗೆ ಬಾಗಿರತ್ತಲ್ಲ, ಅಲ್ಲಿಟ್ಕೊಂಡು ಒರಗಿ. ಕೂತಾಗ ಆ ಬಾಗು ಚಪ್ಪಟೆಯಾಗಿ ಭಾರ ಡಿಸ್ಕಿನ ಮೇಲೆ ಬೀಳತ್ತೆ, ಟವಲ್ ಅದನ್ನ ಸ್ವಲ್ಪ ತಡೆಯತ್ತೆ. ವಿಂಡೋ ಸೀಟ್ ಆಸೆ ಬಿಡಿ, ಐಲ್, ಅಂದ್ರೆ ಓಡಾಡೋ ದಾರಿ ಪಕ್ಕದ ಸೀಟ್ ತಗೊಳಿ, ಮುಕ್ಕಾಲು ಗಂಟೆಗೊಂದ್ಸಲ ಏಳಿ. ಇಳಿದ್ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದ್ರೆ ಅದು ಸುಸ್ತು ಅಂತ ಸುಮ್ನಿರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು.

ಆಮೇಲೆ ಮಾತ್ರೆ. ಈ ಅಮ್ಮ ಎಲ್ಲಾ ಮಾತ್ರೆ ಸ್ಟ್ರಿಪ್ಪಿಂದ ಬಿಡಿಸಿ ಹಳೇ ಕುಂಕುಮದ ಡಬ್ಬಿಗೆ ತುಂಬ್ಕೊಂಡಿದ್ರು! ಚೀಟಿ ನೋಡಿದ್ರೆ ಅದ್ರಲ್ಲಿ ಪ್ರಿಗ್ಯಾಬಲಿನ್ ಬೇರೆ ಇದೆ. ನಮ್ಮಲ್ಲಿ ನರದ ನೋವಿಗೆ ಮಾಮೂಲಿ ಬರೆದುಕೊಡ್ತಾರೆ, ಆದ್ರೆ ಯುಎಇನಲ್ಲಿ ಪ್ರಿಗ್ಯಾಬಲಿನ್, ಟ್ರಮಡಾಲ್, ಕೊಡೀನ್ ಥರದ ನೋವಿನ ಮಾತ್ರೆ ಎಲ್ಲಾ ಕಂಟ್ರೋಲ್ಡ್ ಔಷಧಿ, ಹೊರಡೋಕ್ ಮುಂಚೆನೇ ಅಲ್ಲಿನ ಸರ್ಕಾರಕ್ಕೆ ಆನ್‌ಲೈನಲ್ಲಿ ಅಪ್ಲೈ ಮಾಡಿ ಪರ್ಮಿಟ್ ತಗೋಬೇಕು. ಬರೆದುಕೊಟ್ಟ ಡಾಕ್ಟರ್ ಹತ್ರ ಪ್ರಿಸ್ಕ್ರಿಪ್ಷನ್ ಜೊತೆ ಒಂದು ಲೆಟರ್ ತಗೊಂಡು, ಮಾತ್ರೆ ಸ್ಟ್ರಿಪ್ ಸಮೇತ ಕೈ ಬ್ಯಾಗಲ್ಲೇ ಇಡಿ, ಸೂಟ್‌ಕೇಸ್ ತಪ್ಪಿಹೋದ್ರೆ ಮಾತ್ರೆನೂ ಹೋಗತ್ತೆ. ಹೊಸ ನಿದ್ದೆ ಮಾತ್ರೆನ ಮೊದಲನೇ ಸಲ ಪ್ಲೇನಲ್ಲಿ ಟ್ರೈ ಮಾಡೋದಂತೂ ಬೇಡ್ವೇ ಬೇಡ.

ವೀಲ್‌ಚೇರ್ ಅಂದ ತಕ್ಷಣ ಅಮ್ಮನ ಮುಖ ಸಣ್ಣದಾಯ್ತು, "ಅಯ್ಯೋ, ಯಾರಾದ್ರೂ ನೋಡಿದ್ರೆ?" 48 ಗಂಟೆ ಮುಂಚೆ ಏರ್‌ಲೈನ್‌ಗೆ ಹೇಳಿದ್ರೆ ಸಾಕು ಅಂದೆ, ಕೇಳ್ಲಿಲ್ಲ. ನಾನು ನೋಡಿರೋ ಹಾಗೆ ಜನ ಸೊಂಟ ಹಿಡಿಸ್ಕೊಳೋದು ಕೊನೇಲಿ, ಲಗೇಜ್ ಬೆಲ್ಟಿಂದ ಸೂಟ್‌ಕೇಸ್ ಬಗ್ಗಿ ತಿರುಗಿ ಎಳ್ಕೊಳೋವಾಗ, ಅಳಿಯ ಹೊರಗೆ ಕಾಯ್ತಿರ್ತಾರೆ, ಒಳಗೆ ಬರಕ್ಕಾಗಲ್ಲ. ವೀಲ್‌ಚೇರ್ ತಳ್ಳೋ ಹುಡುಗನಿಗೆ ಹೇಳಿದ್ರೆ ಅವ್ನೇ ಎತ್ತಿಕೊಡ್ತಾನೆ ಅಂದೆ.

ಒಂದು ನಿಮಿಷ ಯೋಚನೆ ಮಾಡಿದ್ರು. "ಹಂಗಾದ್ರೆ ಅಂಟಿನುಂಡೆ ಇನ್ನೊಂದ್ ಕೆಜಿ ಹಾಕ್ಕೋಬಹುದಾ ಡಾಕ್ಟ್ರೇ?"