‘ಕಪ್ಪಾದ್ರೂ ಲಕ್ಷಣ’: ನಾಯಕಿಯ ಮೈಬಣ್ಣದ ಹಳೇ ಕಥೆ

"ಹುಡುಗಿ ಕಪ್ಪಾದ್ರೂ ಲಕ್ಷಣವಾಗಿದ್ದಾಳೆ." ಹೆಣ್ಣು ನೋಡಿ ಬಂದವರು ಹೇಳುವ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ನನಗೆ ಚುಚ್ಚುವುದು ಆ ‘ಆದ್ರೂ’. ನಮ್ಮ ಸಿನಿಮಾ, ಧಾರಾವಾಹಿಗಳ ನಾಯಕಿಯರನ್ನು ಈ ಒಂದು ಪದ ಎಷ್ಟು ಕಾಡಿದೆ ನೋಡಿ.

ಇದರ ಬೇರು ಕ್ಯಾಮೆರಾಕ್ಕಿಂತ ಹಳೆಯದು. ಕಂಪನಿ ನಾಟಕದಲ್ಲಿ ಕೊನೇ ಸಾಲಿನವರಿಗೂ ಮುಖ ಕಾಣಬೇಕಿತ್ತು. ಅದಕ್ಕೇ ಸಫೇದ ಅನ್ನುವ ಬಿಳಿ ಬಣ್ಣವನ್ನು ಮುಖಕ್ಕೆ ದಪ್ಪಗೆ ಬಳಿಯುತ್ತಿದ್ದರು. 1934ರಲ್ಲಿ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ಬಂತು. ಆ ಕಾಲದ ಕಲಾವಿದರಲ್ಲಿ ಜಾಸ್ತಿ ಜನ ರಂಗಭೂಮಿಯವರೇ. ಬಣ್ಣದ ಪೆಟ್ಟಿಗೆಯೂ ಅವರ ಜೊತೆಗೇ ಬಂತು. ಆದರೆ ಕಪ್ಪು ಬಿಳುಪು ಚಿತ್ರದಲ್ಲಿ ಎಣ್ಣೆಗೆಂಪು ಯಾವುದು, ಗೋಧಿ ಬಣ್ಣ ಯಾವುದು ಅಂತ ಯಾರಿಗೆ ತಿಳಿಯಬೇಕು? ಕಣ್ಣು, ಹುಬ್ಬು, ಮಾತಿನ ವರಸೆ ಇವೇ ಮುಖ್ಯವಾಗಿದ್ದವು.

ಮೈಕಟ್ಟಿನ ವಿಷಯದಲ್ಲೂ ಆಗ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಜಯಂತಿ 1965ರ ‘ಮಿಸ್ ಲೀಲಾವತಿ’ಯಲ್ಲಿ ಈಜುಡುಗೆ ತೊಟ್ಟಾಗ ಅವರದು ತುಂಬಿದ ಮೈಯೇ. ಜನ ಅದನ್ನು ಕೊರತೆ ಅಂತ ನೋಡಲಿಲ್ಲ.

1964ರ ‘ಅಮರಶಿಲ್ಪಿ ಜಕಣಾಚಾರಿ’ಯಿಂದ ಕನ್ನಡ ತೆರೆಗೆ ಪೂರ್ತಿ ಬಣ್ಣ ಬಂತು. 1975ರಲ್ಲಿ ಬೆಳ್ಳಗಾಗಿಸುವ ಕ್ರೀಮ್ ಅಂತ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂತು. ಆಮೇಲೆ ಟೀವಿ ಮನೆಮನೆಗೂ ಬಂದು, ಬೆಳ್ಳಗಾದರೆ ಕೆಲಸ, ಬೆಳ್ಳಗಾದರೆ ಮದುವೆ ಅಂತ ದಿನಾ ಸಂಜೆ ಹೇಳತೊಡಗಿತು. ಮುಂಬೈಯಿಂದ ನಾಯಕಿಯರನ್ನು ಕರೆತರುವುದೂ ರೂಢಿಯಾಯಿತು. ಮುಖ ಅವರದು, ಕನ್ನಡದ ದನಿ ಡಬ್ಬಿಂಗ್ ಕಲಾವಿದೆಯದು. ಭಾಷೆ ಬಾರದಿದ್ದರೂ ನಡೆಯುತ್ತೆ, ಬಣ್ಣ ಬೇಕು ಅಂದ ಹಾಗಾಯಿತು ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಆಮೇಲಿನ ಬೆಳವಣಿಗೆ. ಮಲಯಾಳದಲ್ಲಿ ‘ಕರುತ್ತಮುತ್ತ್’ ಎಂಬ ಧಾರಾವಾಹಿ ಬಂತು. ಕಪ್ಪು ಬಣ್ಣಕ್ಕಾಗಿ ಅವಮಾನ ಉಣ್ಣುವ ಹೆಣ್ಣಿನ ಕಥೆ. ಅದೇ ತೆಲುಗಿನಲ್ಲಿ ‘ಕಾರ್ತೀಕ ದೀಪಂ’, ಕನ್ನಡದಲ್ಲಿ ‘ಮುದ್ದುಲಕ್ಷ್ಮಿ’, ತಮಿಳಿನಲ್ಲಿ ‘ಭಾರತಿ ಕಣ್ಣಮ್ಮ’ ಆಯಿತು. ಕಪ್ಪು ಹುಡುಗಿ ಕೊನೆಗೂ ನಾಯಕಿಯಾದಳು ಅಂತ ಖುಷಿಪಡೋಣ ಅಂದರೆ, ‘ಮುದ್ದುಲಕ್ಷ್ಮಿ’ಯ ನಾಯಕಿಗೆ ಮೇಕಪ್‌ನಲ್ಲಿ ಕಪ್ಪು ಬಳಿದಿದ್ದರು! ಇಂಥ ಮೇಕಪ್‌ ಇರುವ ದೃಶ್ಯದಲ್ಲಿ ನಟಿ ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ಗಮನಿಸಿ. ಮುಖಕ್ಕೊಂದು ಬಣ್ಣ, ಅಂಗೈಗೊಂದು ಬಣ್ಣ. ಸೆರಗು ಉಜ್ಜಿದ ಕಡೆ ಕತ್ತಿನ ಅಸಲಿ ಬಣ್ಣ ಇಣುಕುತ್ತದೆ.

ಬದಲಾವಣೆ ಆಗಿಲ್ಲ ಅಂತಲ್ಲ. ಕಪ್ಪಗಿರುವವರನ್ನು ಕೀಳಾಗಿ ತೋರಿಸಬಾರದು ಅಂತ ಜಾಹೀರಾತು ಮಾನಕ ಮಂಡಳಿ 2014ರಲ್ಲಿ ಸೂಚಿಸಿತು. 2020ರಲ್ಲಿ ಫೇರ್ ಅಂಡ್ ಲವ್ಲಿ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಆದರೆ ಅಷ್ಟರಲ್ಲಿ ಮೈಯ ಅಳತೆಯೂ ಬಿಗಿಯಾಗಿತ್ತು. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿಯೊಬ್ಬರು ಜೀವ ಕಳೆದುಕೊಂಡರು. ಅವರಿಗಿನ್ನೂ 21 ವರ್ಷ. ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ.

ಬಳಿದು ಬರಿಸುವ ಆ ಬಣ್ಣ ಹುಟ್ಟಿನಿಂದಲೇ ಇರುವ ನಟಿಯರು ನಮ್ಮಲ್ಲಿಲ್ಲವೇ? ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣದ ನಾಟಕ ನೋಡಿ ಬನ್ನಿ. ರಂಗದ ಮೇಲೆ ಅವರು ರಾಣಿಯೂ ಆಗುತ್ತಾರೆ, ಪ್ರೇಯಸಿಯೂ ಆಗುತ್ತಾರೆ. ಧಾರಾವಾಹಿಯಲ್ಲಿ ಅಂಥವರಿಗೆ ಹೆಚ್ಚಾಗಿ ಸಿಗುವುದು ನಾಯಕಿಯ ಗೆಳತಿ, ಇಲ್ಲವೇ ಮನೆಕೆಲಸದವಳ ಪಾತ್ರ.